ಕೆಮ್ಮಿದ್ದಕ್ಕೆ ಇಳಿಸಿದ ಬಸ್ಸು

ಆ ಡ್ರೈವರನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಆಸೆಯೂ ನನಗಿಲ್ಲ. ಕಾಲ ಕೆಟ್ಟದ್ದಾಗಿತ್ತು, ಎಲ್ಲರಿಗೂ ಹೆದರಿಕೆಯಿತ್ತು, ಮರೆತುಬಿಡು ಎಂದು ಹೇಳಿದವರು ಬಹಳ ಮಂದಿ. ಹೆದರಿಕೆ ನಮಗೂ ಇತ್ತು. ನಾವು ಯಾರನ್ನೂ ರಸ್ತೆಯಲ್ಲಿ ಇಳಿಸಿ ಹೋಗಲಿಲ್ಲ.

ನನ್ನ ಅತ್ತೆ ಐರ್ಲೆಂಡಿಗೆ ಬಂದದ್ದು ನನ್ನ ಬಾಣಂತನಕ್ಕೆ. ಬೇಸಿಗೆಗೆ ಮುಂಚೆ ವಾಪಸು ಹೊರಡುವುದೆಂದು ಟಿಕೆಟ್ ಆಗಿತ್ತು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಲಾಕ್‌ಡೌನ್ ಬಂತು, ವಿಮಾನಗಳು ನಿಂತವು, ಊರು ಬಾಗಿಲು ಹಾಕಿತು, ಅವರು ನಮ್ಮ ಎರಡು ಕೋಣೆಯ ಮನೆಯಲ್ಲಿ ಸಿಕ್ಕಿಕೊಂಡರು. ಒಂದು ಕೋಣೆಯಲ್ಲಿ ನನ್ನ ಗಂಡ ಬೆಳಗಿನಿಂದ ಸಂಜೆವರೆಗೂ ಲ್ಯಾಪ್‌ಟಾಪ್ ಮುಂದೆ. ಇನ್ನೊಂದರಲ್ಲಿ ನಾನು ಮತ್ತು ಮಗು. ಅತ್ತೆಗೆ ಉಳಿದದ್ದು ಅಡುಗೆಮನೆ ಮತ್ತು ಸೋಫಾ.

ಅವರು ತುಮಕೂರಿನಲ್ಲಿ ಫ್ಲೋರ್ ಮಿಲ್ ನಡೆಸಿದವರು. ಮಾವ ಹೋದ ಮೇಲೂ ಒಬ್ಬರೇ ನಡೆಸಿದರು. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು, ಹಿಟ್ಟಿನ ಧೂಳು ಕುಡಿದು ಕುಡಿದು ಒಂದು ಕೆಮ್ಮು ಅಂಟಿಕೊಂಡಿತ್ತು. ಜ್ವರವಿಲ್ಲ, ನೆಗಡಿಯಿಲ್ಲ, ಬರೀ ಒಣ ಕೆಮ್ಮು. ನಾನು ಮದುವೆಯಾಗಿ ಬಂದ ದಿನವೇ ಅದನ್ನು ಕೇಳಿದ್ದೆ. ನಮ್ಮಿಬ್ಬರಿಗೆ ಅಷ್ಟೇನೂ ಹೊಂದುತ್ತಿರಲಿಲ್ಲ. ಮಗುವಿಗೆ ನೀರು ಹಾಕುವುದರಿಂದ ಹಿಡಿದು ನಾನು ಕುಡಿಯುವ ಕಾಫಿಯವರೆಗೆ ಎಲ್ಲಕ್ಕೂ ಅವರದೊಂದು ಮಾತು ಇರುತ್ತಿತ್ತು. ಆ ಮಾತುಗಳನ್ನು ನುಂಗಿಕೊಂಡು ನಾನು ಮೂರೂ ಹೊತ್ತು ಅವರ ಎದುರಿಗೇ ಕೂತಿರಬೇಕಾಗಿತ್ತು.

ನಾವು ರಾಜಧಾನಿಯ ಅಂಚಿನ ಟಾಲಾ ಬಿಟ್ಟು ಬಾಡಿಗೆ ಕಡಿಮೆಯೆಂದು ಈ ಊರಿಗೆ ಬಂದಿದ್ದೆವು. ದೇಶದ ನಡುಮಧ್ಯದ ಊರು, ಪಕ್ಕದಲ್ಲೇ ದೊಡ್ಡ ಸರೋವರ. ಊರೊಳಗೆ ಓಡಾಡುವ ಬಸ್ಸು ಒಂದೇ. ನಮ್ಮ ಹೌಸಿಂಗ್ ಎಸ್ಟೇಟಿನ ಮುಂದೆ ಹತ್ತಿದರೆ ಪೇಟೆ ದಾಟಿ, ಸರೋವರದ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮತ್ತೆ ಎಸ್ಟೇಟಿಗೇ ತಂದು ಬಿಡುತ್ತಿತ್ತು. ಬೇಸಿಗೆಯಲ್ಲಿ ಓಡಾಟಕ್ಕೆ ಬಿಟ್ಟಾಗ ಅತ್ತೆ ಆ ಬಸ್ಸು ಹತ್ತಿ ಹೋಗಿ ನೀರು ನೋಡಿಕೊಂಡು ಬರುತ್ತೇನೆ ಅಂದರು. ನಾನೇ ಎರಡು ಸಲ ಕರೆದುಕೊಂಡು ಹೋಗಿ ತೋರಿಸಿದೆ. ಆಮೇಲೆ ಅವರೇ ಹೋಗತೊಡಗಿದರು. ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ, ಮುಖಕ್ಕೆ ನಾನು ಹೊಲಿದುಕೊಟ್ಟ ಬಟ್ಟೆಯ ಮಾಸ್ಕು. ಒಂದು ಸೀಟು ಬಿಟ್ಟು ಒಂದು ಸೀಟಿಗೆ ಟೇಪು ಅಂಟಿಸಿದ್ದರು, ಅದನ್ನು ನೋಡಿಕೊಂಡು ಕೂರುತ್ತಿದ್ದರು. ದಂಡೆಯ ಬೆಂಚಿನ ಮೇಲೆ ಒಂದು ಗಂಟೆ ಕೂತು ಮುಂದಿನ ಬಸ್ಸಿಗೆ ವಾಪಸು. ಬಂದವರೇ ಹಂಸಗಳ ವರದಿ ಒಪ್ಪಿಸುತ್ತಿದ್ದರು. ಅವರ ಮುಖದಲ್ಲಿ ಬಣ್ಣ ಬಂದಿತ್ತು. ಮನೆಯಲ್ಲಿ ನನಗೂ ಉಸಿರಾಡಲು ಜಾಗ ಸಿಕ್ಕಿತ್ತು.

ಒಂದು ಮಧ್ಯಾಹ್ನ ಅವರನ್ನು ಕರೆತರಲು ಸ್ಟಾಪಿಗೆ ಹೋದೆ, ಮಳೆ ಹನಿಯುತ್ತಿತ್ತು, ಕೊಡೆ ಒಯ್ದಿದ್ದೆ. ಬಸ್ಸು ಬಂತು. ಇಬ್ಬರು ಇಳಿದರು. ಅತ್ತೆ ಇಳಿಯಲಿಲ್ಲ. ಒಳಗೆ ಇಣುಕಿದೆ, ಇರಲಿಲ್ಲ. ಸೀರೆಯುಟ್ಟ ನನ್ನ ಅತ್ತೆ ಹತ್ತಲಿಲ್ಲವೇ ಎಂದು ಡ್ರೈವರನನ್ನು ಕೇಳಿದೆ. ಪ್ಲಾಸ್ಟಿಕ್ ತಡೆಯ ಹಿಂದಿನಿಂದ ಅವನು, ಹತ್ತಿದ್ದರು, ಕೆಮ್ಮುತ್ತಿದ್ದರು, ಪ್ರಯಾಣಿಕರಿಗೆ ಹಿಡಿಸಲಿಲ್ಲ, ದೋಣಿ ಕ್ಲಬ್ಬಿನ ಆಚೆ ಇಳಿಸಿದೆ ಎಂದ. ಹವಾಮಾನ ಹೇಳುವ ದನಿಯಲ್ಲಿ ಹೇಳಿದ. ಆ ರಸ್ತೆಗೆ ಫುಟ್‌ಪಾತೇ ಇಲ್ಲವಲ್ಲ ಅಂದೆ. ಸ್ವಲ್ಪ ನಡೆದರೆ ಆಯಿತು, ಅವರಿಗೇನೂ ಆಗುವುದಿಲ್ಲ, ಇಲ್ಲಿಯವರ ಮಾತಿನಲ್ಲಿ ‘ಗ್ರ್ಯಾಂಡ್’ ಆಗಿರುತ್ತಾರೆ ಎಂದು ಬಾಗಿಲು ಮುಚ್ಚಿದ.

ನಾನು ಮನೆಗೆ ಓಡಿದೆ. ಅತ್ತೆಯ ಫೋನು ಚಾರ್ಜಿಗೆ ಹಾಕಿದ ಜಾಗದಲ್ಲೇ ಇತ್ತು. ಡ್ರೈವಿಂಗ್ ಟೆಸ್ಟು ನಿಂತುಹೋಗಿದ್ದರಿಂದ ನನಗಿನ್ನೂ ಪೂರ್ತಿ ಲೈಸೆನ್ಸ್ ಸಿಕ್ಕಿರಲಿಲ್ಲ, ನಾನೊಬ್ಬಳೇ ಕಾರು ತೆಗೆಯುವಂತಿರಲಿಲ್ಲ. ಕೋಣೆಯ ಬಾಗಿಲು ತಟ್ಟಿದೆ. ಗಂಡ ಹೆಡ್‌ಫೋನಿನ ಒಂದು ಕಿವಿ ಸರಿಸಿ, ಬಾಯಿ ತೆರೆಯದೆ ಕೈಯಲ್ಲೇ ಹತ್ತು ನಿಮಿಷ ಎಂದು ತೋರಿಸಿದ. ಮಗುವನ್ನು ತೊಟ್ಟಿಲಿನಿಂದ ಎತ್ತಿ ತಂದು, ಅವನ ಮೀಟಿಂಗಿನ ಕ್ಯಾಮೆರಾ ಮುಂದೆಯೇ ಅವನ ತೊಡೆಯ ಮೇಲೆ ಇಟ್ಟು ಹೊರಟೆ.

ಪೇಟೆ ದಾಟಿ ಸರೋವರದ ರಸ್ತೆಗೆ ಬರುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ಹೆರಿಗೆಯ ಹೊಲಿಗೆಯ ಜಾಗ ಇನ್ನೂ ಎಳೆಯುತ್ತಿತ್ತು. ಒಂದು ತಿರುವಿನಲ್ಲಿ ಕಲ್ಲಿನ ಗೋಡೆಗೆ ಒತ್ತಿಕೊಂಡು ಬರುತ್ತಿದ್ದ ಅತ್ತೆ ಕಂಡರು. ಕಾರುಗಳು ಮೈ ಸವರುವ ಹಾಗೆ ಹೋಗುತ್ತಿದ್ದವು, ಪ್ರತಿ ಕಾರಿಗೂ ಅವರು ನಿಂತು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಸೀರೆಗೆ ಮೊಣಕಾಲಿನವರೆಗೂ ಕೆಸರು. ಸುತ್ತ ಯಾರೂ ಇಲ್ಲದಿದ್ದರೂ ಮಾಸ್ಕು ಮೂಗಿನ ಮೇಲೆಯೇ ಇತ್ತು, ನೆನೆದು ಅಂಟಿಕೊಂಡಿತ್ತು. ನಾನು ಅದನ್ನು ಬಿಚ್ಚಿದೆ. ಅವರು ಅಳುತ್ತಿರಲಿಲ್ಲ.

“ಅವನು ಬಾಗಿಲು ತೆಗೆದು ಕೈ ತೋರಿಸ್ದ ಕಣಮ್ಮ. ನಾನು ಏನು ತಪ್ಪು ಮಾಡ್ದೆ ಅಂತ ಕೇಳೋಣ ಅಂದ್ರೆ ನನ್ ಬಾಯಲ್ಲಿ ಮಾತಿಲ್ಲ,” ಅಂದರು. ಆಮೇಲೆ ಸ್ವಲ್ಪ ದೂರ ನಡೆದು, “ನನ್ ಬಾಯಲ್ಲಿ ಮಾತಿಲ್ಲದ್ದು ಇದೇ ಮೊದಲು,” ಅಂದರು.

ಮನೆಗೆ ಬರುವವರೆಗೂ ನಾನು ಅವರ ಕೈ ಹಿಡಿದುಕೊಂಡಿದ್ದೆ. ಅಲ್ಲಿಯವರೆಗೆ ಎಂದೂ ಹಿಡಿದಿರಲಿಲ್ಲ.

ಸಂಜೆ ಗಂಡನಿಗೂ ನನಗೂ ದೊಡ್ಡ ಜಗಳವಾಯಿತು. ಮೊದಲು ಅವನಿಗೂ ಸಿಟ್ಟು ಬಂದಿತ್ತು, ನಾನು ಬಸ್ ಕಂಪನಿಗೆ ಫೋನ್ ಮಾಡುತ್ತೇನೆ, ಅದೇ ಬಸ್ಸು ಹತ್ತಿ ಕೇಳುತ್ತೇನೆ ಎಂದಾಗ ಅದು ತಣ್ಣಗಾಯಿತು. ಅಮ್ಮನ ವೀಸಾ ಎಕ್ಸ್‌ಟೆನ್ಷನ್ ಮೇಲೆ ನಿಂತಿದೆ, ನಮ್ಮ ಪರ್ಮಿಟ್ ರಿನ್ಯೂವಲ್ ಬಾಕಿಯಿದೆ, ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಸುಮ್ಮನೆ ತಂಟೆ ಬೇಡ ಎಂದ. ಬಸ್ಸಿನವರ ಜಾಗದಲ್ಲಿ ನಿಂತೂ ನೋಡಬೇಕು ಎಂದ.

“ಬಸ್ಸಿನವ್ರ ಜಾಗದಲ್ಲಿ ನಿಂತು ನೋಡೋಕೆ ಊರೆಲ್ಲಾ ಐತೆ. ಇವ್ರು ನಿನ್ನ ಅಮ್ಮ. ನೀನು ಇವ್ರ ಜಾಗದಲ್ಲಿ ನಿಂತ್ಕೋ,” ಅಂದೆ.

ಅವನು ಎದ್ದು ಹೋದ. ಅತ್ತೆ ಅಡುಗೆಮನೆಯಲ್ಲಿ ಕೊತ್ತಂಬರಿ ಸೋಸುತ್ತಿದ್ದರು, ಎಲ್ಲವೂ ಕೇಳಿಸಿತ್ತು.

ಕಂಪನಿಗೆ ಫೋನ್ ಮಾಡಿದೆ. ಬಹಳ ನಯವಾದ ಹೆಣ್ಣುದನಿ ನನ್ನ ಮಾತು ಕೇಳಿಸಿಕೊಂಡಿತು. ಕೆಲವು ದಿನದ ಮೇಲೆ ಇಮೇಲ್ ಬಂತು. ನಿಮಗಾದ ಅನನುಕೂಲಕ್ಕೆ ವಿಷಾದವಿದೆ, ಈ ಪರಿಸ್ಥಿತಿಯಲ್ಲಿ ತೀರ್ಮಾನ ಡ್ರೈವರುಗಳ ವಿವೇಚನೆಗೆ ಬಿಟ್ಟದ್ದು ಎಂದಿತ್ತು. ವಯಸ್ಸಾದ ಹೆಂಗಸನ್ನು ಮಳೆಯಲ್ಲಿ, ಫುಟ್‌ಪಾತಿಲ್ಲದ ರಸ್ತೆಯಲ್ಲಿ ಇಳಿಸಿ ಹೋಗುವುದಕ್ಕೆ ವಿವೇಚನೆ ಎಂದು ಹೆಸರು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಲು ಕೂತೆ. ‘ಅನನುಕೂಲ’ ಎಂಬ ಮಾತಿಗೆ ಬಂದಾಗ ನನಗೇ ನಾಚಿಕೆಯಾಗಿ ನಿಲ್ಲಿಸಿಬಿಟ್ಟೆ.

ಅತ್ತೆ ಹೊರಗೆ ಹೋಗುವುದನ್ನು ಬಿಟ್ಟಿದ್ದರು. ಸೋಫಾದ ಮೂಲೆಯಲ್ಲಿ ಕೂತು, ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದರು. ಸ್ವಂತ ಮಗನ ಮನೆಯಲ್ಲಿ! ಅದನ್ನು ನೋಡಿದ ದಿನ ನನಗೆ ತಡೆಯಲಾಗಲಿಲ್ಲ. ಜಾಕೆಟ್ಟು ಹಾಕಿಕೊಳ್ಳಿ ಅಂದೆ. ಬೇಡ ಅಂದರು. ಮಗುವನ್ನು ಎದೆಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತೆ. ನೀವು ಬರದಿದ್ದರೆ ನಾನೊಬ್ಬಳೇ ಹೋಗಿ ಜಗಳವಾಡಿ ಬರುತ್ತೇನೆ, ನಿಮ್ಮ ಮೊಮ್ಮಗಳೂ ಜೊತೆಗಿರುತ್ತಾಳೆ ಅಂದೆ. ಅವರು ಶೂ ಹಾಕಿಕೊಂಡರು.

ಅದೇ ಡ್ರೈವರು. ಬಸ್ ಕಾರ್ಡು ತೋರಿಸಿದಾಗ ಅವನು ನಮ್ಮತ್ತ ನೋಡಲಿಲ್ಲ. ಪೇಟೆಯಲ್ಲಿ ಉದ್ದನೆಯ ಮನುಷ್ಯನೊಬ್ಬ ನಾಯಿ ಹಿಡಿದುಕೊಂಡು ಹತ್ತಿದ. ಅತ್ತೆ ನನ್ನ ಮೊಣಕೈ ಒತ್ತಿದರು. ಕೆಮ್ಮಿನ ದೂರು ಹೇಳಿದವನು ಅವನೇ.

ನಾನು ಎದ್ದು ನಿಂತೆ. ಹೇಳಬೇಕೆಂದುಕೊಂಡು ಬಂದದ್ದೆಲ್ಲ ಇಂಗ್ಲಿಷಿನಲ್ಲಿ ಸರಾಗವಾಗಿ ಬಂತು. ಇವರು ನನ್ನ ಅತ್ತೆ, ಇವರ ಕೆಮ್ಮು ಹಿಟ್ಟಿನ ಗಿರಣಿಯ ಧೂಳಿನದು, ನಿಮಗೆ ಹೆದರಿಕೆಯಾಗಿದ್ದರೆ ಬೇರೆ ಸೀಟಿಗೆ ಹೋಗಬಹುದಿತ್ತು, ನೀವೇ ಇಳಿಯಬಹುದಿತ್ತು ಎಂದೆ. ಇವರ ಮುಖ ನೋಡದೆ ಇವರ ಮೇಲೆ ದೂರು ಹೇಳಿದ್ದೇಕೆ ಎಂದು ಕೇಳಿದೆ. ಅವನು ಕೆಂಪಾದ. ತನಗೆ ಯಾರ ಮೇಲೂ ದ್ವೇಷವಿಲ್ಲ, ಮನೆಯಲ್ಲಿ ಹೆಂಡತಿಗೆ ಶ್ವಾಸಕೋಶದ ಕಾಯಿಲೆಯಿದೆ, ಹೆದರಿಬಿಟ್ಟೆ ಎಂದ. ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಲೇ ಇದ್ದ.

ಡ್ರೈವರು ಬಸ್ಸು ಪಕ್ಕಕ್ಕೆ ನಿಲ್ಲಿಸಿ, ಗಲಾಟೆ ಮಾಡುವುದಾದರೆ ಇಲ್ಲೇ ಇಳಿಸಬೇಕಾಗುತ್ತದೆ ಎಂದು ನನಗೆ ಹೇಳಿದ.

ಇಳಿಸಿ ಅಂದೆ. ಅವತ್ತು ಇವರಿಗೆ ಭಾಷೆ ಬರುತ್ತಿರಲಿಲ್ಲ, ಇವತ್ತು ‘ಏಕೆ’ ಎಂದು ಕೇಳಲು ನನಗೆ ಬರುತ್ತದೆ, ಬಸ್ಸಿನಲ್ಲಿರುವ ಎಲ್ಲರ ಎದುರಿಗೆ ಉತ್ತರ ಕೊಟ್ಟು ಇಳಿಸಿ ಅಂದೆ. ಬಸ್ಸಿನಲ್ಲಿ ಆರೇಳು ಜನರಿದ್ದರು. ಕಿಟಕಿಯ ಹೊರಗೆ ನೋಡುತ್ತಿದ್ದ ಆ ಸಜ್ಜನರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಡ್ರೈವರು ಸ್ವಲ್ಪ ಹೊತ್ತು ಸ್ಟೀರಿಂಗಿನ ಮೇಲೆ ಬೆರಳು ಬಡಿದು ಮತ್ತೆ ಬಸ್ಸು ಓಡಿಸಿದ.

ನಾನು ಕೂತ ಮೇಲೆ ಆ ಮನುಷ್ಯ ಏನೆಂದ ಎಂದು ಅತ್ತೆ ಕೇಳಿದರು. ಹೇಳಿದೆ. ಪಾಪ ಅನ್ನುತ್ತಾರೆ ಎಂದುಕೊಂಡೆ.

“ಹೆಂಡ್ತಿ ಉಸಿರಾಟಕ್ಕೆ ಒದ್ದಾಡೋದನ್ನ ದಿನಾ ನೋಡೋನು,” ಅಂದರು ಅತ್ತೆ. “ಹಂಗಿದ್ಮೇಲೆ ಬೇರೆಯವ್ರಿಗಿಂತ ಅವನಿಗೇ ಜಾಸ್ತಿ ಗೊತ್ತಾಗ್ಬೇಕಿತ್ತು.”

ಮರುದಿನದಿಂದ ಅವರು ಒಬ್ಬರೇ ಹೊರಟರು. ಚಳಿಗಾಲದಲ್ಲಿ ವಿಶೇಷ ವಿಮಾನದಲ್ಲಿ ಸೀಟು ಸಿಗುವವರೆಗೂ, ಬಸ್ಸು ಓಡಿದ ದಿನಗಳಲ್ಲೆಲ್ಲ ಹೋದರು. ಕೆಮ್ಮು ಬಂದರೆ ಮೊಣಕೈ ಅಡ್ಡ ಹಿಡಿದು ಕೆಮ್ಮಿದರು, ಕಿಟಕಿ ತೆರೆದರು. ನಾಯಿಯವನು ಕಂಡರೆ ತಲೆಯಾಡಿಸುತ್ತಿದ್ದನಂತೆ, ಇವರು ಆಡಿಸುತ್ತಿರಲಿಲ್ಲವಂತೆ. ಗಂಡ ಒಂದು ದಿನ ಕೆಲಸಕ್ಕೆ ರಜೆ ಹಾಕಿ, ಯಾರೂ ಹೇಳದೆ ಅಮ್ಮನ ಜೊತೆ ಬಸ್ಸು ಹತ್ತಿದ. ಡ್ರೈವರು ಮಾತ್ರ ಕೊನೆಯವರೆಗೂ ಒಂದು ‘ಸಾರಿ’ ಹೇಳಲಿಲ್ಲ.

ಮಾಸ್ಕುಗಳು ಹೋದವು, ಸೀಟಿನ ಟೇಪು ಹೋಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಕೈಗೆ ದೊಡ್ಡದೊಂದು ಕಾರ್ಡು ಮತ್ತು ಪೆನ್ನು ಕೊಟ್ಟಳು. ಅದೇ ಡ್ರೈವರು ರಿಟೈರಾಗುತ್ತಿದ್ದಾನಂತೆ, ಪ್ರಯಾಣಿಕರೆಲ್ಲ ಸೇರಿ ಶುಭಾಶಯ ಬರೆಯುತ್ತಿದ್ದರು. ಎಂಥ ಒಳ್ಳೆಯ ಮನುಷ್ಯ, ಒಬ್ಬರ ಮನಸ್ಸನ್ನೂ ನೋಯಿಸಿದವನಲ್ಲ ಎಂದಳು. ಕಾರ್ಡಿನ ತುಂಬ ಹೂವು, ಹೃದಯ, ಸಹಿಗಳಿದ್ದವು. ನಾನು ಅದನ್ನು ಮುಚ್ಚಿ ಹಿಂದಿನ ಸೀಟಿಗೆ ದಾಟಿಸಿದೆ. ನಿನಗೆ ಅವನು ಗೊತ್ತಿಲ್ಲವೇ ಎಂದು ಅವಳು ಆಶ್ಚರ್ಯದಿಂದ ಕೇಳಿದಳು.

ಚೆನ್ನಾಗಿ ಗೊತ್ತು ಎಂದೆ. ಹೇಗೆ ಎಂದು ಕೇಳಲಿ ಎಂದು ಕಾದೆ. ಅವಳು ಕೇಳಲಿಲ್ಲ.