ಚೆರ್ರಿ ಕೊಂಬೆಗೆ ಶ್ರೀನಿವಾಸಪುರದ ಕವೆಗೋಲು

ಬೆಳಗಿನ ಆರು ಗಂಟೆ. ಜರ್ಮನಿಯ ಎರ್ಲಾಂಗೆನ್ ಪಕ್ಕದ ಹಳ್ಳಿಯ ಪುಟ್ಟ ಜಪಾನಿ ದೇವಾಲಯದ ಅಂಗಳದಲ್ಲಿ ಟಕ್, ಟಕ್ ಎಂದು ಮರಕ್ಕೆ ಮರ ಬಡಿಯುವ ಸದ್ದು. ಒಳಗೆ ಪೂಜೆ ಶುರುವಾಗಿರಬೇಕು ಎಂದುಕೊಂಡು, ಕನ್ನಡ ಪತ್ರಿಕೆಗೆ ಬರೆಯಲು ಬಂದ ನಾನು ಶೂ ಕಳಚಿ, ಭಕ್ತಿಯಿಂದ ಕೈ ಮುಗಿಯುತ್ತೇನೆ. ಸದ್ದು ಬರುತ್ತಿರುವುದು ಬೆನ್ನ ಹಿಂದಿನಿಂದ. ತಲೆಗೆ ಸ್ಕಾರ್ಫ್, ಕಾಲಿಗೆ ಗಂಬೂಟು ತೊಟ್ಟ ಹೆಂಗಸೊಬ್ಬರು ಹೂ ತುಂಬಿದ ಮುದಿ ಚೆರ್ರಿ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಕೊಡತಿಯಿಂದ ಬೆಣೆ ಬಡಿಯುತ್ತಿದ್ದಾರೆ.

"ದೇವ್ರು ಒಳಗಿದಾರೆ ಅಣ್ಣ, ಇಲ್ಲಿರೋದು ನಾನು. ಶೂ ಹಾಕ್ಕೊಳ್ಳಿ, ನೆಗಡಿ ಆಗತ್ತೆ" ಎಂದು ನಗುತ್ತಾರೆ.

ಇವರು ರಿಜ್ವಾನಾ. ವಯಸ್ಸು ನಲವತ್ತೇಳು, ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಗಂಡ ಫಾರೂಖ್ ಎರ್ಲಾಂಗೆನ್‌ನಲ್ಲಿ ಎಂಜಿನಿಯರ್. ಅವರ ಜೊತೆ ಬಂದು, ಜರ್ಮನ್ ಕಲಿತು, ತೋಟಗಾರಿಕೆಯ ಕೋರ್ಸ್ ಮುಗಿಸಿ, ಒಂಬತ್ತು ವರ್ಷದಿಂದ ಈ ದೇವಾಲಯದ ಮಾಲಿಯಾಗಿದ್ದಾರೆ. ಮರಕ್ಕೆ ನೂರಿಪ್ಪತ್ತು ವರ್ಷವಂತೆ. ದೇವಾಲಯ ಆಮೇಲೆ ಬಂದದ್ದು. ಮರ ನೋಡಿಯೇ ದೇವಾಲಯದವರು ಈ ಜಾಗ ಹಿಡಿದದ್ದು. ಬೊಡ್ಡೆ ಅರ್ಧ ಪೊಳ್ಳಾಗಿದೆ, ಕೊಂಬೆಗಳು ನೆಲಕ್ಕೆ ಬಾಗಿವೆ. ಬಿದ್ದುಹೋಗದಂತೆ ಅವುಗಳನ್ನು ಎತ್ತಿ ಹಿಡಿದಿರುವುದು ರಿಜ್ವಾನಾ ನೆಟ್ಟ ಹನ್ನೊಂದು ಕವೆಗೋಲುಗಳು. ತುದಿಯಲ್ಲಿ ಎರಡಾಗಿ ಕವಲೊಡೆದ ಗಟ್ಟಿ ಕೋಲು, ತೊಗಟೆಗೆ ಗಾಯವಾಗದಂತೆ ಕವಲಿಗೆ ಸುತ್ತಿದ ಗೋಣಿತಾಟು, ಬುಡಕ್ಕೆ ಎರಡೆರಡು ಬೆಣೆ.

"ನಮ್ ಅಬ್ಬಾ ಮಾವಿನ ತೋಪು ಗುತ್ತಿಗೆ ಹಿಡೀತಿದ್ರು. ಕಾಯಿ ಬಲೀತಿದ್ದಂಗೆ ಕೊಂಬೆಗೆ ಕವೆಗೋಲು ಕೊಡೋದು ನಮ್ಮನೆ ಹೆಂಗಸ್ರು ಕೆಲಸ. ಇಲ್ಲಿ ಸ್ಟೀಲ್ ಕಂಬ ತರ್ಸೋಣ ಅಂದ್ರು. ಮುದುಕ್ರಿಗೆ ಕಬ್ಬಿಣದ ಕೈ ಕೊಟ್ರೆ ಚಳೀಲಿ ಹೆಂಗೆ ಹಿಡ್ಕೊಂತಾರೆ, ಬೇಡ ಅಂದೆ."

ದಿನಚರಿ ಸರಳ. ನಾಲ್ಕು ಕಿಲೋಮೀಟರ್ ಸೈಕಲ್, ಇಪ್ಪತ್ತೆರಡು ಬೆಣೆ. ರಾತ್ರಿ ಮಂಜು ಕಟ್ಟಿದರೆ ಕೊಂಬೆ ತಗ್ಗುತ್ತದೆ, ಬಿಸಿಲೇರಿದರೆ ಏಳುತ್ತದೆ. ಅದಕ್ಕೆ ತಕ್ಕಂತೆ ಬೆಣೆ ಒಳಗೆ, ಹೊರಗೆ. ಹೂವಿಗೆ ಎಂಥ ಭಾರ ಎಂದು ನಾನು ಕೇಳಿದರೆ, ಮಳೆಯಲ್ಲಿ ನೆನೆದ ಬುಟ್ಟಿ ಹೂವನ್ನು ಎತ್ತಿ ನೋಡಿ ಎನ್ನುತ್ತಾರೆ. ಹೂ ನಿಲ್ಲುವುದು ಎಂಟು ದಿನ. ಆ ಎಂಟು ದಿನ ಮ್ಯೂನಿಕ್‌ನಿಂದಲೂ ಜನ ಬರುತ್ತಾರೆ. ಎಲ್ಲರ ಕಣ್ಣೂ ಮೇಲೆ. ಕೋಲು ಯಾರಿಗೂ ಬೇಡ. ಮೊನ್ನೆ ಮದುವೆಯ ಜೋಡಿಯೊಂದು, ಫೋಟೋಗೆ ಅಡ್ಡ ಬರುತ್ತದೆ, ಐದು ನಿಮಿಷ ಕೋಲು ತೆಗೆಯಿರಿ ಎಂದಿತಂತೆ. "ತೆಗೀತೀನಿ, ಅಷ್ಟೊತ್ತು ನೀವಿಬ್ರೂ ಕೊಂಬೆ ಹೊತ್ಕೊಂಡಿರಿ ಅಂದೆ. ಹೋಗ್ಬಿಟ್ರು."

ಇಷ್ಟು ನಗುವ ರಿಜ್ವಾನಾ ಇವತ್ತು ಗಳಿಗೆಗೊಮ್ಮೆ ಗೇಟಿನ ಕಡೆ ನೋಡುತ್ತಿದ್ದಾರೆ. ಕಾರಣ, ಪೂರ್ವದ ಕೊಂಬೆ. ಮರದಲ್ಲಿ ಎಲ್ಲಕ್ಕಿಂತ ಹಳೆಯದು, ಮೊದಲು ಹೂಬಿಡುವುದೂ ಅದೇ. ಎರಡು ಚಳಿಗಾಲದ ಹಿಂದೆ ಅದರ ಮೇಲೆ ಹಿಂದೆಂದೂ ಇಲ್ಲದಂತೆ ಮೊಣಕಾಲುದ್ದ ಹಿಮ ಕೂತಾಗ ಇವರು ಊರಿನ ಲೆಕ್ಕದಲ್ಲೇ ಬಿಗಿಯಾಗಿ ಕೋಲು ಕೊಟ್ಟರು.

"ಮಾವಿನ ಭಾರ ಕೊಯ್ಲಾಗೋವರ್ಗೂ ಎಲ್ಲೂ ಹೋಗಲ್ಲ ಅಣ್ಣ. ಹಿಮ ಒಂದೇ ರಾತ್ರೀಲಿ ಕರಗೋಯ್ತು. ಕೊಂಬೆ ಮೇಲಕ್ಕೆದ್ದು ಕೋಲು ದಬ್ ಅಂತ ಬಿತ್ತು. ಪಕ್ಕದಲ್ಲಿದ್ದ ಕಲ್ಲಿನ ದೀಪದ ಕಂಬದ ಟೋಪಿ ಎರಡು ಹೋಳು. ತೊಗಟೇನೂ ಕಿತ್ಕೊಂಡು ಬಂತು. ತಪ್ಪು ನಂದೇ."

ದೇವಾಲಯದ ವೃದ್ಧ ಗುರು ಮೊರಿತಾ ಬೈಯದೆ ತಾವೇ ದೀಪವನ್ನು ಅಂಟು ಹಾಕಿ ಕೂರಿಸಿದರು. ಪುರಸಭೆ ಮಾತ್ರ ಸುಮ್ಮನಿರಲಿಲ್ಲ. ಮರದ ಕೊರಳಲ್ಲಿ ನಂಬರು ಬಿಲ್ಲೆ ಇರುವ ದೇಶವಿದು. ಬೆಶೈಡ್ ಬಂತು, ಅಂದರೆ ಸರ್ಕಾರಿ ಆದೇಶ: ಮುಂದಿನ ವರ್ಷದ ತಪಾಸಣೆಯಲ್ಲಿ ಗಾಯ ಮಾಗಿರದಿದ್ದರೆ, ಆಸರೆ ಗಟ್ಟಿಯಿರದಿದ್ದರೆ, ಕೊಂಬೆ ಕಡಿಯತಕ್ಕದ್ದು. ಬಿಗಿ ಕೋಲಿಗೆ ಬೆಣೆ ಸೇರಿದ್ದು ಅಂದಿನಿಂದಲೇ. ಆ ತಪಾಸಣೆ ಇವತ್ತು, ಹತ್ತು ಗಂಟೆಗೆ.

ಒಂಬತ್ತೂವರೆಗೆ ಅಂಗಳ ತುಂಬಿದೆ. ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರುಗಳಾದ ಮೂವರು ಕನ್ನಡದ ಹುಡುಗರು ಪೂರ್ವದ ಕೊಂಬೆಯ ಕೆಳಗೆ ಫೋನ್ ಹಿಡಿದು ನಿಂತಿದ್ದಾರೆ.

"ಮಗಾ, ಸ್ವಲ್ಪ ಅಲ್ಲಾಡ್ಸು, ಪೆಟಲ್ಸ್ ಬೀಳ್ಲಿ. ಸ್ಲೋ ಮೋಷನ್ ಹಾಕಿದೀನಿ."

ಮಗ ಅಲ್ಲಾಡಿಸಿಯೇ ಬಿಟ್ಟ. ಹೂ ಉದುರಿತು, ಬೆಣೆ ಹಾರಿತು, ಕೋಲು ವಾಲಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ, ಅದೂ ಇವತ್ತೇ. ರಿಜ್ವಾನಾ ಓಡಿಬಂದು ಅಚ್ಚ ಕನ್ನಡದಲ್ಲಿ ಹೇಳುತ್ತಾರೆ: "ಬಿಡ್ಬೇಡ್ರಪ್ಪ. ಮೂರೂ ಜನ ಹೆಗಲು ಕೊಡಿ. ನಾನು ಹೇಳೋವರ್ಗೂ ಅಲ್ಲಾಡ್ಬೇಡಿ."

ಜರ್ಮನಿಯ ಹಳ್ಳಿಯ ಜಪಾನಿ ದೇವಾಲಯದಲ್ಲಿ ಮಾಲಿಯಮ್ಮ ಕನ್ನಡದಲ್ಲಿ ಗದರಿದರೆ ಯಾರು ತಾನೇ ಎದುರಾಡುತ್ತಾರೆ? ಮೂವರೂ ಹೆಗಲು ಕೊಡುತ್ತಾರೆ. ಅವರಲ್ಲಿ ಎತ್ತರದವನು ತೇಜಸ್ವಿ, ಮೈಸೂರಿನವನು. "ಸಾರಿ ಆಂಟಿ, ಕೋಲು ನೋಡ್ಲೇ ಇಲ್ಲ" ಎನ್ನುತ್ತಾನೆ. "ಯಾರೂ ನೋಡಲ್ಲ ಬಿಡಪ್ಪ" ಎನ್ನುತ್ತಾ ರಿಜ್ವಾನಾ ಹುಲ್ಲಿನಲ್ಲಿ ಬೆಣೆ ಹುಡುಕುತ್ತಾರೆ.

ಹತ್ತು ಎಂದರೆ ಹತ್ತಕ್ಕೆ ತಪಾಸಣೆಯ ಅಧಿಕಾರಿ ಹೋಲ್ಟ್ಸರ್ ಮೇಡಂ ಗೇಟು ದಾಟುತ್ತಾರೆ. ಕೊಂಬೆಯ ಕೆಳಗೆ ಪಲ್ಲಕ್ಕಿ ಹೊತ್ತವರ ಹಾಗೆ ಮೂವರು ಹುಡುಗರು. ಏನಾಯಿತೆಂದು ಆಕೆ ಕೇಳುತ್ತಾರೆ. ರಿಜ್ವಾನಾ ಒಂದನ್ನೂ ಮುಚ್ಚಿಡುವುದಿಲ್ಲ. ಅಲ್ಲಾಡಿಸಿದರು, ಬೆಣೆ ಹಾರಿತು, ಕೂರಿಸಲು ಏಳು ನಿಮಿಷ ಬೇಕು ಎಂದು ಜರ್ಮನ್‌ನಲ್ಲಿ ಹೇಳುತ್ತಾರೆ. ಮೇಡಂ ಗಡಿಯಾರ ನೋಡುತ್ತಾರೆ. ಮೊರಿತಾ ಗುರುಗಳು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ. ರಿಜ್ವಾನಾ ಕೋಲಿನ ಬುಡದಲ್ಲಿ ಕೂತು ಬೆಣೆ ಬಡಿಯುತ್ತಾರೆ, ಟಕ್, ಟಕ್.

ಆರೇ ನಿಮಿಷ. ಹುಡುಗರು ಹೆಗಲು ತೆಗೆಯುತ್ತಾರೆ, ಕೊಂಬೆ ಕದಲುವುದಿಲ್ಲ.

ಮೇಡಂ ಕೊಂಬೆಗೆ ಬೆಲ್ಟ್ ಕಟ್ಟಿ ಎಳೆಯುತ್ತಾರೆ, ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ, ಕೊನೆಗೆ ಗೋಣಿತಾಟು ಸರಿಸಿ ಟಾರ್ಚ್ ಬಿಡುತ್ತಾರೆ. ಹಳೆಯ ಗಾಯದ ಸುತ್ತ ಹೊಸ ತೊಗಟೆ ಕೂಡಿಕೊಂಡಿದೆ. ಹೊಸದೊಂದು ತರಚುಗಾಯವೂ ಇಲ್ಲ. ಕಾಗದದಲ್ಲಿ ಬರೆದದ್ದನ್ನು ರಿಜ್ವಾನಾ ನನಗೆ ಕನ್ನಡದಲ್ಲಿ ಓದಿ ಹೇಳುತ್ತಾರೆ: ಕಡಿಯುವುದು ಬೇಡ. ಮುಂದಿನ ತಪಾಸಣೆ ಮೂರು ವರ್ಷಕ್ಕೆ. ಷರತ್ತು ಒಂದೇ, ಜನ ಮುಟ್ಟದಂತೆ ಸುತ್ತ ಹಗ್ಗ ಕಟ್ಟಬೇಕು.

ಕಾಗದವನ್ನು ಮತ್ತೊಮ್ಮೆ ಮೊದಲಿಂದ ಓದುತ್ತಾರೆ. ಮೊರಿತಾ ಮೆಟ್ಟಿಲಿಂದಲೇ ಸೊಂಟ ಬಗ್ಗಿಸಿ ವಂದಿಸುತ್ತಾರೆ. ರಿಜ್ವಾನಾ ಗಡಿಬಿಡಿಯಲ್ಲಿ ಕೊಡತಿ ಹಿಡಿದ ಕೈಯಲ್ಲೇ ಸಲಾಂ ಮಾಡುತ್ತಾರೆ. ಹಗ್ಗ ಕಟ್ಟುವ ಕೆಲಸ ತೇಜಸ್ವಿಗೆ ಬೀಳುತ್ತದೆ. ಕಾರಿನ ಎಂಜಿನಿಯರ್ ಹಾಕಿದ ಗಂಟು ಎರಡು ಸಲ ಬಿಚ್ಚಿಕೊಂಡ ಮೇಲೆ, ಮೂರನೆಯದನ್ನು ಮಾಲಿಯಮ್ಮನೇ ಹಾಕಿಕೊಡುತ್ತಾರೆ.

ಹೊರಡುವ ಮುನ್ನ ಪತ್ರಿಕೆಗೆಂದು ಅವರದೊಂದು ಫೋಟೋ ತೆಗೆಯಲು ಹೋಗುತ್ತೇನೆ. ಹಿಂದೆ ಹೂ ತುಂಬಾ ಬರಲಿ ಎಂದು ಫೋನನ್ನು ಮೇಲೆತ್ತುತ್ತೇನೆ, ಎಲ್ಲರ ಹಾಗೆ. ರಿಜ್ವಾನಾ ಪಕ್ಕಕ್ಕೆ ಬಂದು ಪರದೆಯನ್ನು ಇಣುಕಿ ನೋಡಿ, ನನ್ನ ಕೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಾರೆ.

"ನಾನು ಅರ್ಧ ಬಂದ್ರೂ ಪರವಾಗಿಲ್ಲ ಅಣ್ಣ, ಕೋಲು ಪೂರ್ತಿ ಬರ್ಲಿ."