ಪಾದ್ರಿಯ ಮುರಿದ ಮಣಿಕಟ್ಟು ಮತ್ತು ವಿಲ್ಮಾ

ಲೂನ್ ಕ್ರೀಕ್‌ನ ಐಸ್ ಹಾಕಿ ಅಂಗಳದಲ್ಲಿ ಆಟದ ಬಿಡುವಿನಲ್ಲಿ ಐಸ್ ನುಣುಪು ಮಾಡುವ ಯಂತ್ರ ಓಡಿಸುತ್ತಿದ್ದವಳು ವಿಲ್ಮಾ ರೌಟಿಯೊ. ಗಂಡ ಗಣಿ ಕೆಲಸವನ್ನು ಬಿಟ್ಟು, ಹಾಗೇ ಅವಳನ್ನೂ ಬಿಟ್ಟು ಪಶ್ಚಿಮಕ್ಕೆ ಹೋದ ಮೇಲೆ ಅವಳು ಪ್ರೀತಿಯಿಂದ ಸವರುತ್ತಿದ್ದದ್ದು ಆ ಐಸನ್ನು ಮಾತ್ರ. ಅವಳ ಥರ್ಮಾಸಿನಲ್ಲಿ ಕಾಫಿ ಇದೆಯೆಂದು ನಂಬಿದವರು ಊರಿನಲ್ಲಿ ಯಾರೂ ಇರಲಿಲ್ಲ. ನಂಬಿದಂತೆ ನಟಿಸುವವರು ಬೇಕಾದಷ್ಟಿದ್ದೆವು.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಪಂದ್ಯದ ನಡುವೆ ವಿಲ್ಮಾ ಐಸಿಗಿಳಿದಳು. ಒಂದೆರಡು ಸುತ್ತು ಚೆನ್ನಾಗಿಯೇ ಹೊಡೆದಳು. ಆಮೇಲೆ ತಿರುಗುವ ಬದಲು ಹಿಂಬಾಗಿಲಿನಿಂದ ಯಂತ್ರದ ಸಮೇತ ಬೀದಿಗೆ ಹೊರಟಳು. ಥರ್ಮಾಸ್ ಖಾಲಿಯಾಗಿತ್ತು, ಮದ್ಯದಂಗಡಿ ಮುಖ್ಯರಸ್ತೆಯ ಆ ತುದಿಯಲ್ಲಿತ್ತು. ಐಸಿನ ಮೇಲೆ ನೀರು ಹರಿಸುವ ಯಂತ್ರದ ನಲ್ಲಿ ನಿಲ್ಲಿಸುವುದು ಮಾತ್ರ ಮರೆತುಹೋಗಿತ್ತು. ಅವಳ ಹಿಂದೆ ರಸ್ತೆಯುದ್ದಕ್ಕೂ ಕನ್ನಡಿಯಂಥ ಐಸ್ ಕಟ್ಟುತ್ತ ಬಂತು. ಸಂಜೆಯೊಳಗೆ ಪೊಲೀಸರು ಅವಳ ಲೈಸೆನ್ಸ್ ಕಿತ್ತುಕೊಂಡಿದ್ದರು. ಪಾದ್ರಿ ಆರ್ವಿಡ್ ನಿಯೆಮಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು ಎಂಬ ಸುದ್ದಿಯೂ ಬಂದಿತ್ತು.

ಅಂಗಳದ ಮೇಲ್ವಿಚಾರಕ ಗಾರ್ತ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ನಿನ್ನ ತೆಗೆದ್ರೆ ಈ ದೆವ್ವದಂಥ ಯಂತ್ರ ಓಡ್ಸೋಕೆ ಬೇರೆ ಯಾರಿಗೂ ಬರಲ್ಲ, ವಿಲ್ಮಾ. ಇಟ್ಕೊಂಡ್ರೆ ಊರಲ್ಲಿ ಯಾರ ಮೂಳೇನೂ ಉಳಿಯಲ್ಲ. ಕುಡಿತ ಬಿಡೋರ ಸಭೆಗೆ ಹೋಗು. ಇಲ್ಲಾಂದ್ರೆ ಬೀಗದ ಕೈ ಇಲ್ಲಿಟ್ಟು ಹೋಗು."

ನಮ್ಮೂರಿನ ಸಭೆ ನಡೆಯುತ್ತಿದ್ದದ್ದು ಅದೇ ಪಾದ್ರಿಯ ಇಗರ್ಜಿಯ ನೆಲಮಾಳಿಗೆಯಲ್ಲಿ. ಅವರ ಪಟ್ಟಿ ಕಟ್ಟಿದ ಕೈಯ ಕೆಳಗೆ ಕೂತು ಬಾಯಿಬಿಡುವುದು ಹೇಗೆ? ವಿಲ್ಮಾ ಪಕ್ಕದ ಹ್ಯಾಲಿಡೇ ಊರಿನ ಸಭೆಯನ್ನು ಹುಡುಕಿಕೊಂಡಳು. ಕಾರು ಓಡಿಸಬೇಕಾದವಳು ಅಕ್ಕ ಇರ್ಮಾ.

"ಕುಡಿಯೋಕೆ ಊರೆಲ್ಲ ಮೆರವಣಿಗೆ ಹೋಗುವಾಗ ನಾಚಿಕೆ ಆಗ್ಲಿಲ್ಲ," ಎಂದು ಇರ್ಮಾ ದಾರಿಯುದ್ದಕ್ಕೂ ಗೊಣಗಿದಳು. "ಬಿಡೋಕೆ ಮಾತ್ರ ಮಹಾರಾಣಿಗೆ ಪಕ್ಕದೂರು ಬೇಕು!"

"ರಸ್ತೆ ನೋಡ್ಕೊಂಡು ಓಡ್ಸೇ."

ಇರ್ಮಾ ಕಾರಿನಲ್ಲೇ ಉಳಿದಳು. ಹ್ಯಾಲಿಡೇಯ ಕಾರ್ಮಿಕ ಭವನದ ನೆಲಮಾಳಿಗೆಯಲ್ಲಿ ಮಡಚುವ ಕುರ್ಚಿಗಳು, ಸುಟ್ಟ ಕಾಫಿಯ ವಾಸನೆ. ಮೂಲೆಯಲ್ಲಿ ಒಬ್ಬರು ಎಡಗೈಯಿಂದ ಕಷ್ಟಪಟ್ಟು ಕಾಫಿ ಬಗ್ಗಿಸುತ್ತಿದ್ದರು. ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು.

"ಪಾದ್ರಿಗಳೇ! ಇಲ್ಲೂ ಪ್ರವಚನನಾ?"

ಅವರ ಮುಖ ಬಿಳಿಚಿತು. "ಇಲ್ಲಿ ನಾನು ಬರೀ ಆರ್ವಿಡ್, ವಿಲ್ಮಾ. ನನಗೂ ನಮ್ಮೂರಿನ ಸಭೆಗೆ ಹೋಗೋಕೆ ಮುಖ ಇಲ್ಲ. ಸಕ್ಕರೆ ಹಾಕ್ಲಾ?"

ಅವರ ಸರದಿ ಬಂದಾಗ ಎದ್ದು ನಿಂತು, ತಾನು ಕುಡುಕನೆಂದು ಹೇಳಿಕೊಂಡು, ನೆಲ ನೋಡುತ್ತ ಮುಂದುವರಿಸಿದರು. "ಆ ಶನಿವಾರ ನಾನು ರಸ್ತೆಗೇ ಇಳಿದಿರ್ಲಿಲ್ಲ. ಕುಡಿದು ಇಗರ್ಜಿ ಮೆಟ್ಟಿಲಿಂದ ಉರುಳಿಬಿದ್ದೆ. ಡಾಕ್ಟರು 'ವಿಲ್ಮಾಳ ಐಸಾ?' ಅಂತ ಕೇಳಿದ್ರು. ನಾನು ನಿಟ್ಟುಸಿರು ಬಿಟ್ಟೆ. ಅವರು ಅದನ್ನೇ ಹೌದು ಅಂದ್ಕೊಂಡ್ರು."

ವಿಲ್ಮಾ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. "ಥೂ! ಇಷ್ಟು ದಿನದಿಂದ ನಿಮ್ಮನೆಗೆ ಏಲಕ್ಕಿ ಬ್ರೆಡ್ ಮಾಡಿ ಕಳಿಸ್ತಿದೀನಲ್ರೀ!"

"ಚೆನ್ನಾಗಿತ್ತು," ಎಂದರು ಪಾದ್ರಿ. "ಏಲಕ್ಕಿ ಸ್ವಲ್ಪ ಜಾಸ್ತಿ."

ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಭೆ ನಡೆಸುತ್ತಿದ್ದ ಮುದುಕ ಕಣ್ಣೊರೆಸಿಕೊಂಡು, ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬೇಕೆಂದ. "ಅದನ್ನ ಬಾಗಿಲಲ್ಲೇ ಹೇಳೋಕೇನಾಗಿತ್ತು ನಿನಗೆ?" ಎಂದು ವಿಲ್ಮಾ ಅವನ ಮೇಲೂ ರೇಗಿದಳು. ಹುಟ್ಟಿದಂದಿನಿಂದ ಅವಳಿಗೆ ಸಿಕ್ಕ ಅತಿ ರಸವತ್ತಾದ ಸುದ್ದಿ ಅದು. ಕಾರಿನಲ್ಲಿ ಅಕ್ಕ ಎಷ್ಟು ಕೆದಕಿದರೂ ತುಟಿ ಬಿಚ್ಚಲಿಲ್ಲ.

ಮುಂದಿನ ವಾರ ಅವಳು ಹೋದದ್ದು ಬರೀ ಹಟಕ್ಕೆ. ಪಾದ್ರಿ ಮತ್ತೆ ಕುಡಿಯುತ್ತಾರೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು. ಅವರಿಗಿಂತ ಮೊದಲು ತಾನು ಸೋಲಬಾರದಿತ್ತು. ಅದೇ ಹಟದಲ್ಲಿ ಚಳಿಗಾಲ ಕಳೆಯಿತು.

ಕೆರೆಯ ಐಸ್ ಒಡೆಯುವ ಹೊತ್ತಿಗೆ ಗಂಡ ಫೋನ್ ಮಾಡಿ, ತಾನು ಬೇರೆ ಮದುವೆಯಾಗುತ್ತಿದ್ದೇನೆ ಎಂದ. ವಿಲ್ಮಾ ಅಭಿನಂದನೆ ಹೇಳಿ, ನಡೆದುಕೊಂಡೇ ಹೋಗಿ ಬಾಟಲಿ ತಂದಳು. ಅರ್ಧ ಇಳಿದ ಮೇಲೆ ಪಾದ್ರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಅವರು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತರು.

"ಬೈಬಲ್ ತಂದಿದೀರಾ?"

"ಇಲ್ಲ. ವಿಲ್ಮಾ, ಆ ಬಾಟ್ಲೀನ ಸ್ವಲ್ಪ ಆ ಕಡೆ ಇಡ್ತೀಯಾ? ನನ್ನ ಕೈಲಿ ಆಗ್ತಾ ಇಲ್ಲ."

ಅವಳು ನೋಡಿದಳು. ಪಾದ್ರಿಯ ಕಣ್ಣು ಬಾಟಲಿಯಿಂದ ಕದಲುತ್ತಿರಲಿಲ್ಲ. ತನಗಾಗಿ ಅವಳು ಅದನ್ನು ಚೆಲ್ಲುತ್ತಿರಲಿಲ್ಲ. ಅವರಿಗಾಗಿ ಎದ್ದು ಸಿಂಕಿಗೆ ಸುರಿದಳು. ಆಮೇಲೆ ಇಬ್ಬರೂ ಕೂತು ಡಬ್ಬಿಯ ಸೂಪು ಬಿಸಿಮಾಡಿ ಕುಡಿದರು. ಅವಳು ಅತ್ತಳು, ಅವರು ಮೂಗೊರೆಸಿಕೊಂಡರು.

ಆ ಬೇಸಿಗೆಯ ಒಂದು ಭಾನುವಾರ ಪಾದ್ರಿ ಪೀಠದ ಮೇಲೆ ನಿಂತು ಮಣಿಕಟ್ಟಿನ ನಿಜವನ್ನು ಎಲ್ಲರೆದುರು ಹೇಳಿ, ವಿಲ್ಮಾಳ ಕ್ಷಮೆ ಕೇಳಿದರು. ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ನಿಮ್ಮ ಕುಡಿತ ನಮಗೆಲ್ಲ ಗೊತ್ತಿತ್ತು ಬಿಡಿ, ಪ್ರಾರ್ಥನೆ ಮುಂದುವರಿಸಿ, ಒಲೆ ಮೇಲೆ ಸಾರಿಟ್ಟು ಬಂದಿದೀನಿ," ಎಂದಳು.

ಇರ್ಮಾ ಮಾತ್ರ ತಂಗಿಯ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು. "ಚಳಿಗಾಲ ಪೂರ್ತಿ ನನ್ನ ಕಾರಲ್ಲಿ ಕೂತು ಇದನ್ನ ಬಚ್ಚಿಟ್ಯಾ?" ಎಂದವಳು ಸಿಟ್ಟಿನಿಂದ ಎಷ್ಟೋ ದಿನ ಮಾತು ಬಿಟ್ಟಳು. ಕುಡಿತ ಬಿಟ್ಟ ಮೇಲೆ ತಾನು ಕಂಡ ಅತ್ಯಂತ ನೆಮ್ಮದಿಯ ದಿನಗಳು ಅವೇ ಎಂದು ವಿಲ್ಮಾ ಈಗಲೂ ಹೇಳುತ್ತಾಳೆ.