ಅಣ್ಣ ಕೊರೆದ ಥರ್ಮಾಕೋಲ್ ದೋಣಿ

ಥರ್ಮಾಕೋಲ್ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಟಿವಿ ಡಬ್ಬಿಯೊಳಗಿನ ಸಣ್ಣ ತುಂಡಾದರೂ ಸರಿ, ಮೊದಲು ಅದನ್ನು ಹೊರಗೆ ಎಸೆಯಿರಿ ಅನ್ನುತ್ತೇನೆ. ನಮ್ಮಣ್ಣನ ಹೊಟ್ಟೆಪಾಡೇ ಅದಾಗಿತ್ತು. ನಿಪ್ಪಾಣಿಯಲ್ಲಿ ಗಣಪತಿ ಕೂಡಿಸುವ ಮಖರ, ಮದುವೆ ಮಂಟಪ ಕೊರೆಯುತ್ತಿದ್ದ.

ಎಂಬತ್ತರ ದಶಕದ ಕೊನೆಗೆ ನನ್ನನ್ನು ಅಂಕಲಿಯಿಂದ ಕಾಗವಾಡದ ಕಡೆಗೆ ಕೊಟ್ಟರು. ಗಂಡನ ಮನೆ ಊರ ಹೊರಗೆ, ತೋಟದಲ್ಲಿ. ಶ್ರಾವಣದಲ್ಲಿ ಕೃಷ್ಣೆ ತುಂಬಿದರೆ ಕಬ್ಬಿನ ಹೊಲಕ್ಕೆಲ್ಲ ನೀರು ನಿಂತು ತೋಟ ನಡುಗಡ್ಡೆಯಾಗುತ್ತಿತ್ತು. ಗಂಡಸರು ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯನ್ನು ನೀರಿಗಿಳಿಸಿ, ಅದರಲ್ಲಿ ಕುಳಿತು ಡಾಂಬರು ರಸ್ತೆ ಮುಟ್ಟುತ್ತಿದ್ದರು. ಹೆಣ್ಣುಮಕ್ಕಳನ್ನು ಮಾತ್ರ ಕೂಡಿಸುತ್ತಿರಲಿಲ್ಲ. ಹಿಂದೊಮ್ಮೆ ಕಡಾಯಿ ಮಗುಚಿ ಮಾವನ ತಂಗಿ ಮುಳುಗಿ ಸತ್ತಿದ್ದಳಂತೆ.

ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಪಂಚಮಿ ಹಬ್ಬವೂ ಶ್ರಾವಣದಲ್ಲೇ. ಮೊದಲ ವರ್ಷ ಅವನು ರಸ್ತೆಯ ಮೇಲೆ ನಿಂತು ಕೈ ಬೀಸಿ ವಾಪಸು ಹೋದ. ಮಾವ ನಗುತ್ತ, "ನಿಮ್ಮಣ್ಣ ಛಲೋ ದೋಣಿ ತಂದ್ರ ಕಳಸ್ತೀನವಾ" ಅಂದರು.

ನಗೆಗೆ ಅಂದ ಮಾತನ್ನು ಅಣ್ಣ ಮನಸ್ಸಿಗೆ ಹಚ್ಚಿಕೊಂಡ. ಥರ್ಮಾಕೋಲ್ ಮುಳುಗುವುದಿಲ್ಲ, ಮೇಲೆ ಫೈಬರ್ ಹೊದಿಸಿದರೆ ಗಟ್ಟಿಯೂ ಆಗುತ್ತದೆ ಎಂದು ಲೆಕ್ಕ ಹಾಕಿದ. ಹಬ್ಬ ಮುಗಿಸಿದ ಮಖರಗಳ ಹಲಗೆ ಕೂಡಿಸಿ ದೋಣಿ ಕೊರೆದ. ಅವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಈ ಪಂಚಮಿಗೆ ಮಗಳ ಮುಖ ನೋಡಬೇಕು ಅನ್ನುವುದೊಂದೇ ಅವಳ ಜಪ. ಹಬ್ಬದ ಮುಂದೆ ಅಣ್ಣ ಗಾಜಿನ ನಾರಿನ ಬಟ್ಟೆ ಹಾಸಿ ಅದರ ಮೇಲೆ ಗಟ್ಟಿಯಾಗಿಸುವ ರೆಸಿನ್ ಅಂಟು ಬಳಿದ. ರೆಸಿನ್ ಥರ್ಮಾಕೋಲನ್ನೇ ತಿಂದುಬಿಟ್ಟಿತು. ಕಣ್ಣೆದುರೇ ದೋಣಿ ಕುಸಿದು, ಅಂಟು ರಾಡಿ ಉಳಿಯಿತಂತೆ.

ಇದೊಂದೂ ತಿಳಿಯದ ನಾನು ಗಂಟು ಕಟ್ಟಿಕೊಂಡು ನೀರಿನ ದಂಡೆಗೆ ಕಾದೆ. ಕತ್ತಲಾಗುವವರೆಗೂ ಅವನನ್ನು ಬಾಯಿಗೆ ಬಂದಂತೆ ಬೈದೆ. ನೀರು ಇಳಿಯುವ ಮೊದಲೇ ಅವ್ವ ಹೋದಳು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಅಂಗಳದಲ್ಲಿದ್ದ ಆ ಕಡಾಯಿಯನ್ನು ಒದ್ದು ಒದ್ದು ಅತ್ತೆ.

ಮರುವರ್ಷ ನಾನು ಯಾರ ಹಾದಿಯನ್ನೂ ನೋಡಲಿಲ್ಲ. ಸಾವಾದ ಮನೆ, ಹಬ್ಬದ ಉಂಡಿ ಕಟ್ಟುವಂತಿಲ್ಲ, ಇನ್ನೆಲ್ಲಿಯ ಪಂಚಮಿ? ಅಂಥದರಲ್ಲಿ ಕಬ್ಬಿನ ಗರಿಗಳ ನಡುವೆ ಬಿದಿರಿನ ಗಳ ಹಾಕುತ್ತ ಅಣ್ಣ ಬಂದ. ದೋಣಿಯ ಮೂಗು ಮೊಂಡ, ಒಂದು ಮಗ್ಗುಲು ಉಬ್ಬು, ಚಂದವೇನೂ ಇರಲಿಲ್ಲ. ಮಾವ ಅದರ ಅಂಚನ್ನು ಒತ್ತಿ ನೋಡಿದರು. ನಾನು ಅವಸರದಲ್ಲಿ ಕಟ್ಟಿದ ಗಂಟನ್ನು ತಾವೇ ತಂದು ದೋಣಿಯೊಳಗಿಟ್ಟರು.

ಹತ್ತಿ ಕುಳಿತ ಮೇಲೆ ತಳ ನೋಡಿದೆ. ಬಣ್ಣ ಬಳಿದಿರಲಿಲ್ಲ. ಜೇನಿನ ಬಣ್ಣದ ರೆಸಿನ್ ಅಡಿಯಲ್ಲಿ ಹಸಿರು ಚೌಕಳಿ, ಕೆಂಪು ದಡಿ ಕಂಡಿತು. ಅವ್ವ ದಿನಾ ಉಡುತ್ತಿದ್ದ ಸೀರೆ. ಸೆರಗಿಗೆ ನಾನೇ ಹಚ್ಚಿದ ತೇಪೆಯೂ ಇತ್ತು.

"ಮದ್ಲ ಗೋಂದಿಲೆ ಅರಿವಿ ಅಂಟಿಸಿ, ಒಣಗಿದ ಮ್ಯಾಲ ರೆಸಿನ್ ಹಚ್ಚಿದ್ರ ಥರ್ಮಾಕೋಲ್ ತಿನ್ನೂದಿಲ್ಲ" ಅಂದ ಅಣ್ಣ, ನನ್ನ ಮುಖ ನೋಡದೆ. "ಹ್ವಾದ ವರ್ಷ ಗೊತ್ತಿರ್ಲಿಲ್ಲ. ಗೊತ್ತಿದ್ರ ಅವ್ವನೇ ತನ್ನ ಕೈಯಾರ ಸೀರಿ ತಗದು ಕೊಡ್ತಿದ್ಲು."

ಕಾಲು ಎಲ್ಲಿಡಲಿ? ಮಡಚಿಕೊಂಡು ಕುಳಿತರೆ ದೋಣಿ ವಾಲಿತು. ಕಾಲು ಕೆಳಗೆ ಇಡು ಅಂದ. ಚಪ್ಪಲಿ ಕಳೆದು ಮಡಿಲಲ್ಲಿಟ್ಟುಕೊಂಡು, ಬರಿಗಾಲನ್ನು ಆ ಸೆರಗಿನ ಮೇಲೆ ಇಟ್ಟೆ.

ರಸ್ತೆ ಮುಟ್ಟಿದಾಗ ಅವನು ನೀರಿಗಿಳಿದು ಕೈ ಚಾಚಿದ. ನಾನು ಏಳಲಿಲ್ಲ.

"ಅಂಕಲಿಗಿ ಹೋಗಿ ಏನ್ ಮಾಡ್ಲಿ ಅಣ್ಣಾ? ಅವ್ವ ಇಲ್ಲೇ ಅದಾಳಲ್ಲ."

ಚಾಚಿದ ಕೈಯನ್ನು ಅವನು ಹಿಂದೆ ತೆಗೆದುಕೊಂಡ. ಮೊಣಕಾಲುಮಟ್ಟ ನೀರಿನಲ್ಲಿ ನಿಂತು, ದೋಣಿ ವಾಲದಂತೆ ಎರಡೂ ಕೈಯಿಂದ ಹಿಡಿದುಕೊಂಡ.